ಎರಡನೆಯ ಬೋಲ್ಟ್

ಬಂಡೆಯನ್ನು ಮೊದಲು ಹತ್ತಿದವನು ಒಪ್ಪದೆ ಅದಕ್ಕೆ ಹೊಸ ಬೋಲ್ಟ್ ಹೊಡೆಯಬಾರದೆಂಬುದು ನಮ್ಮ ಅರಿಜೋನಾ ಮರುಭೂಮಿಯ ಹತ್ತುವವರ ಕಟ್ಟಳೆ. ಒಂಟಿಗುಂಡು ಎಂಬ ಬಂಡೆಯನ್ನು ಮೊದಲು ಹತ್ತಿದವನು ಕೊಳಾಯಿ ಕೆಲಸದ ಡೆಲ್ಮರ್. ಆ ನುಣುಪು ಗ್ರಾನೈಟಿನಲ್ಲಿ ಹಗ್ಗ ಸಿಕ್ಕಿಸಲು ಅವನು ಹೊಡೆದದ್ದು ಒಂದೇ ಬೋಲ್ಟ್. ಇನ್ನೊಂದು ಕೇಳಿದವರಿಗೆಲ್ಲ ಮೂವತ್ತು ವರ್ಷ ಒಂದೇ ಉತ್ತರ: “ಭಯ ಆದ್ರೆ ಮನೇಲಿರ್ರಪ್ಪ.”

ಮಾರ್ಚಿನಲ್ಲಿ ಕರ್ಬಿ ಎಂಬ ಯುವಕ ಆ ಬೋಲ್ಟನ್ನು ದಾಟಿ ಬಹಳ ಮೇಲೆ ಹೋಗಿ ಜಾರಿದ. ಹಗ್ಗ ಬಿಗಿಯುವ ಮೊದಲೇ ನೆಲಕ್ಕೆ ಬಿದ್ದು ಸತ್ತ. ಅವನ ಅಕ್ಕ ಲೋರ್ನಾ, ತಾನೂ ಹತ್ತುವವಳು, ಡೆಲ್ಮರ್‌ನ ಬಾಗಿಲಿಗೆ ಬಂದಳು.

“ಈಗಲಾದ್ರೂ ಇನ್ನೊಂದು ಹೊಡೀತೀರೋ, ಇನ್ನೊಂದು ಹೆಣ ಬೇಕೋ?”

ಮರುದಿನ ಡೆಲ್ಮರ್ ಬೋಲ್ಟಿಗೆ ತೂತು ಕೊರೆಯಲು ಸುತ್ತಿಗೆ, ಉಳಿ ಕಟ್ಟಿಕೊಂಡು ಹತ್ತಿದ. ಕೆಳಗೆ ಅವಳು ಹಗ್ಗ ಹಿಡಿದಿದ್ದಳು. ತನ್ನ ಬೋಲ್ಟನ್ನು ದಾಟಿ ಎರಡು ಹೆಜ್ಜೆ ಇಟ್ಟವನಿಗೆ ಮೂರನೆಯದನ್ನು ಇಡಲಾಗಲಿಲ್ಲ. ಬಹಳ ಹೊತ್ತು ಬಂಡೆಗೆ ಕೆನ್ನೆಯೊತ್ತಿ ನಿಂತು, ಇಳಿದುಬಂದ.

“ನನ್ ಕೈಲಾಗಲ್ಲ ಕಣಮ್ಮ. ಅಲ್ಲಿ ಹಿಡ್ಕೊಳ್ಳೋಕೆ ಏನೂ ಇಲ್ಲ.”

“ಅದು ನನ್ನ ತಮ್ಮಂಗೂ ಗೊತ್ತಾಯ್ತು,” ಎಂದು ಲೋರ್ನಾ ಸುತ್ತಿಗೆ, ಉಳಿ ಇಸಿದುಕೊಂಡಳು.

ಈಗ ಹಗ್ಗ ಅವನ ಕೈಯಲ್ಲಿತ್ತು. ಅವಳ ಬೂಟಿನಡಿಯಿಂದ ಉದುರಿದ ಮರಳು ಮುಖಕ್ಕೆ ಬೀಳುತ್ತಿದ್ದರೂ, ಉಳಿಯ ಮೇಲೆ ಮೊದಲ ಪೆಟ್ಟು ಬೀಳುವವರೆಗೆ ಡೆಲ್ಮರ್ ಅವಳ ಪಾದಗಳಿಂದ ಕಣ್ಣು ಕೀಳಲಿಲ್ಲ.