ಸಿನಿಮಾಕ್ಕೆ ಕೊಟ್ಟ ಪ್ಲೇಟು

ಸಿನಿಮಾದಲ್ಲಿ ಗ್ರಾಮಫೋನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರೂ ಕೀಲಿ ಕೊಡುವುದಿಲ್ಲ, ಯಾರೂ ಮುಳ್ಳು ಬದಲಾಯಿಸುವುದಿಲ್ಲ, ಮೂರು ನಿಮಿಷದ ಪ್ಲೇಟು ನಾಯಕಿ ಅತ್ತು ಮುಗಿಸುವವರೆಗೂ ಹಾಡುತ್ತಲೇ ಇರುತ್ತದೆ. ನಾನು ಗೊಣಗಿದರೆ ಮಕ್ಕಳು ನಗುತ್ತಾರೆ. ನಗಲಿ. ಅವರು ನನ್ನ ಅಮ್ಮನ ಪ್ಲೇಟು ಕೇಳಿದವರಲ್ಲ.

ಅಮ್ಮ ಮದುವೆಗೆ ಮುಂಚೆ ಒಂದೇ ಒಂದು ಪ್ಲೇಟಿಗೆ ಹಾಡಿದ್ದಳು, ಜಿನಸ್ತುತಿ. ಆಮೇಲೆ ಗಂಟಲಿನ ಕಾಯಿಲೆ ಬಂದು ದನಿ ಒಡೆದುಹೋಯಿತು. ಅವಳ ದನಿ ಹೇಗಿತ್ತೆಂದು ತಿಳಿಯಬೇಕಾದರೆ ಆ ಪ್ಲೇಟೇ ಗತಿ. ಅಪ್ಪ ಅದನ್ನು ಹಬ್ಬದ ದಿನ ಮಾತ್ರ ಹೊರತೆಗೆದು, ಹೊಸ ಮುಳ್ಳು ಹಾಕಿ, ಬಾಗಿಲು ಮುಚ್ಚಿ ಮನೆಯವರಿಗಷ್ಟೇ ಕೇಳಿಸುತ್ತಿದ್ದರು.

ಐವತ್ತರ ದಶಕದಲ್ಲಿ, ನಾನು ಬಾಣಂತನಕ್ಕೆ ಹೊಸನಗರದ ತವರಿಗೆ ಬಂದಿದ್ದಾಗ, ತೀರ್ಥಹಳ್ಳಿಯಲ್ಲಿ ಬಿಡಾರ ಹೂಡಿದ್ದ ಸಿನಿಮಾದವರು ನಮ್ಮ ಜಗಲಿ ನೋಡಿ ಮೆಚ್ಚಿದರು. ಹಳೇ ಕಾಲದ ಕಥೆ, ನಾಯಕಿ ಗ್ರಾಮಫೋನು ಕೇಳುತ್ತ ಕೂರಬೇಕು. ಅಪ್ಪ ನಮ್ಮ ಪೆಟ್ಟಿಗೆ ತಂದಿಟ್ಟರು. ಅದಕ್ಕೆ ಕಹಳೆ ಇರಲಿಲ್ಲ. ಅವರು ರಟ್ಟಿನಲ್ಲಿ ಒಂದು ಕಹಳೆ ಮಾಡಿ, ಬಂಗಾರದ ಬಣ್ಣ ಬಳಿದು, ಪೆಟ್ಟಿಗೆಯ ಮೇಲೆ ಕೂರಿಸಿಯೇ ಬಿಟ್ಟರು.

“ಇದ್ರ ಶಬ್ದ ಬರೋದು ಪೆಟ್ಟಿಗೆ ಒಳಗಿಂದ ಸ್ವಾಮಿ” ಎಂದರು ಅಪ್ಪ.

“ಯಾರು ನೋಡ್ತಾರೆ ಬಿಡಿ ಯಜಮಾನ್ರೆ” ಎಂದ ನಿರ್ದೇಶಕ.

ಪ್ಲೇಟು ಬೇಕೆಂದಾಗ ಅಮ್ಮ ತಾನೇ ಒಳಗಿಂದ ತನ್ನದನ್ನು ತಂದುಕೊಟ್ಟಳು. ಆತ ಅದರ ಮೇಲಿನ ಹೆಸರನ್ನೂ ಓದಲಿಲ್ಲ.

ಪ್ಲೇಟು ತಿರುಗಿದರೆ ಕ್ಯಾಮೆರಾ ಹಾಡನ್ನೂ ಹಿಡಿಯುತ್ತದೆ ಎಂದೇ ನಾವು ತಿಳಿದಿದ್ದು. ಹಾಡಿಗೆ ಭಂಗ ಬರಬಾರದೆಂದು ಕೊಟ್ಟಿಗೆಯ ದನಗಳ ಗಂಟೆಗೆಲ್ಲ ಬಟ್ಟೆ ತುರುಕಿದೆವು. ಪಕ್ಕದ ಮನೆಯ ಒನಕೆ ನಿಂತಿತು. ನನ್ನ ಕೂಸನ್ನು ಎತ್ತಿಕೊಂಡು ಕೆಲಸದಾಕೆ ಕೆರೆಯಾಚೆಗೆ ಹೋದಳು. ಕೇರಿಯವರೆಲ್ಲ ಅವರವರ ಮನೆಯೊಳಗೆ ಉಸಿರು ಬಿಗಿಹಿಡಿದು ಕೂತರು. ಸಿನಿಮಾದವರೋ, ತಮ್ಮಷ್ಟಕ್ಕೆ ಕೂಗಾಡುತ್ತಲೇ ಇದ್ದರು. ನಮಗೆ ಆಗಲೇ ಹೊಳೆಯಬೇಕಿತ್ತು.

ನಾಯಕಿಯ ಸೆರಗು ಜಾರಿತೆಂದು ಒಮ್ಮೆ, ಬೆಳಕು ಸಾಲದೆಂದು ಒಮ್ಮೆ, ಅದೇ ಮೊಂಡು ಮುಳ್ಳನ್ನು ಪ್ಲೇಟಿನ ಉದ್ದಗಲಕ್ಕೂ ಎಳೆದಾಡಿದರು. ಅಪ್ಪ ಹೊಸ ಮುಳ್ಳಿನ ಡಬ್ಬಿ ಹಿಡಿದು ಎದ್ದರೆ ಅಮ್ಮ ತೋಳು ಹಿಡಿದು ಕೂರಿಸಿದಳು.

“ಅವ್ರಿಗೆ ತೊಂದ್ರೆ ಕೊಡ್ಬೇಡಿ. ಪ್ಲೇಟು ಸವೆದ್ರೆ ಸವೀಲಿ, ಇನ್ನು ಊರೆಲ್ಲ ಕೇಳ್ತದಲ್ಲ.”

ಅವರು ಮುಗಿಸುವಾಗ ಹೊತ್ತು ಮುಳುಗಿತ್ತು. ಕತ್ತಲಾದ ಮೇಲೆ ಉಣ್ಣದ ಮನೆ ನಮ್ಮದು. ಅಮ್ಮ ಅಂದು ಉಪವಾಸವೇ ಮಲಗಿದಳು, ಅದೂ ನಗುನಗುತ್ತ. ಸಿನಿಮಾ ಬರುವವರೆಗೆ ಪ್ಲೇಟು ಮುಟ್ಟುವುದು ಬೇಡ ಎಂದಳು.

ಸಾಗರದ ಟೆಂಟಿಗೆ ಅದು ಬಂದಾಗ ನಾನೂ ಮತ್ತೆ ತವರಿಗೆ ಬಂದೆ, ನಮ್ಮ ಕೇರಿಯೇ ಬಸ್ಸು ಹತ್ತಿತು. ಪರದೆಯ ಮೇಲೆ ನಮ್ಮ ಜಗಲಿ ಬಂತು, ರಟ್ಟಿನ ಕಹಳೆ ಬಂತು, ಹಾಡೂ ಬಂತು. ಪಿಟೀಲು, ಕೊಳಲು, ಸಕ್ಕರೆಯಂಥ ಎಳೆಯ ದನಿ. ಅದೂ ದೇವರ ಹಾಡೇ, ಅಮ್ಮನದಲ್ಲ. ನಾಯಕಿ ಮುಳ್ಳೆತ್ತಿದಳು, ಹಾಡು ನಿಲ್ಲಲಿಲ್ಲ. ಪರದೆಗೆ ಕಲ್ಲು ಬೀಸುವಷ್ಟು ಸಿಟ್ಟು ಬಂತು ನನಗೆ. ಅಮ್ಮ ತಲೆ ತಗ್ಗಿಸಿ ಕೂತಿದ್ದಳು.

ಹೊರಗೆ ಬಂದರೆ ಪಕ್ಕದ ಮನೆಯಾಕೆ ಅಮ್ಮನ ಕೈ ಹಿಡಿದು ಕಣ್ಣೊರೆಸಿಕೊಂಡಳು. “ಎಂಥಾ ದನಿ ಇತ್ರೀ ಅಮ್ಮ ನಿಮ್ದು!”

“ಅದು ನಾನಲ್ಲ ಕಣೇ” ಎಂದಳು ಅಮ್ಮ.

“ನೀವು ಯಾವಾಗ್ಲೂ ಹಿಂಗೇ, ಒಂಚೂರೂ ಜಂಬ ಇಲ್ಲ” ಎಂದು ಆಕೆ ನಕ್ಕಳು. ಉಳಿದವರೂ ತಲೆಯಾಡಿಸಿದರು.

ಮರುದಿನ ಅಮ್ಮ ಆಕೆಯನ್ನು ಕರೆದು ಕೂರಿಸಿ, ತಾನೇ ಕೀಲಿ ಕೊಟ್ಟು ಪ್ಲೇಟು ಹಾಕಿದಳು. ಕೆರಕೆರ ಸದ್ದಿನ ಅಡಿಯಲ್ಲಿ ಎಲ್ಲೋ ಒಂದು ದನಿ ಎದ್ದು ಎದ್ದು ಬೀಳುತ್ತಿತ್ತು. ಆಕೆ ಮರ್ಯಾದೆಗೆ ಕೊನೆಯವರೆಗೂ ಕೇಳಿದಳು. ಆಮೇಲೆ ಅಮ್ಮನ ಮೊಣಕಾಲು ಮುಟ್ಟಿ ಸಮಾಧಾನ ಹೇಳಿದಳು:

“ಬೇಜಾರ್ ಮಾಡ್ಕೋಬೇಡಿ ಅಮ್ಮ. ಸಿನಿಮಾದಲ್ಲಿ ಭಾಳ ಚೆನ್ನಾಗಿ ಹಾಡಿದ್ರಿ.”