ನಾಯಿ ನೋಡಲು ಬಂದವರಿಗೆ ಉಪ್ಪಿಟ್ಟು

ಪಕ್ಕದ ಮನೆಯವರು ಬೆಳಬೆಳಿಗ್ಗೆಯೇ ರವೆ ಹುರಿಯುತ್ತಿದ್ದಾರೆ. ವಿಜಯವಾಡದ ಈ ಸೆಕೆಯಲ್ಲಿ ಕಿಟಕಿ ಮುಚ್ಚುವಂತಿಲ್ಲ, ತೆರೆದರೆ ಈ ವಾಸನೆ. ನಿಮಗಾದರೆ ಹಸಿವಾಗಬಹುದು, ನನಗೆ ಮೈಯೆಲ್ಲ ಉರಿಯುತ್ತದೆ. ಧಾರವಾಡದಲ್ಲಿ ಹುಟ್ಟಿ ಉಪ್ಪಿಟ್ಟಿನ ಮೇಲೆ ಸಿಟ್ಟು ಇಟ್ಟುಕೊಂಡವನು ನಾನೊಬ್ಬನೇ ಇರಬೇಕು. ಅದಕ್ಕೆ ಕಾರಣ ಒಂದು ನಾಯಿ. ಛೇ, ನಾಯಿಯದೇನು ತಪ್ಪು? ಅದನ್ನು ನೋಡಲು ಬಂದ ಜನ!

ಹೋದ ವರ್ಷ ನಾನು ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೆ. ಊರಿಗೆ ಒಯ್ಯಲು ಬೆಲ್ಲ ಕೊಳ್ಳೋಣವೆಂದು ಒಂದು ದಿನ ಅನಕಾಪಲ್ಲಿಗೆ ಹೋದೆ. ಮಾರುಕಟ್ಟೆಯಲ್ಲಿ ಬೆಲ್ಲದ ರಾಶಿ, ಲಾರಿ, ನೊಣ. ನಡುವೆ ಹಿಂಗಾಲು ಎಳೆಯುತ್ತ ಒಂದು ಕಂದು ಬಣ್ಣದ ಹೆಣ್ಣುನಾಯಿ. ಹಿಂದಕ್ಕೆ ಬರುತ್ತಿದ್ದ ಲಾರಿಗೆ ಕಾಲು ಸಿಕ್ಕಿತ್ತಂತೆ. ನಡಿಗೆ ನೋಡಿಯೇ ಯಾವ ಕೀಲು ಬಿಗಿದಿದೆ ಎಂದು ನನಗೆ ಗೊತ್ತಾಗಿಹೋಯಿತು. ಗೊತ್ತಾದ ಮೇಲೆ ಬಿಟ್ಟು ಬರುವುದು ಹೇಗೆ ಹೇಳಿ? ಬೆಲ್ಲಕ್ಕೆ ಹೋದವನು ನಾಯಿ ಹೊತ್ತುಕೊಂಡು ಬಂದೆ. ಹೆಸರಿಗಾಗಿ ತಲೆ ಕೆಡಿಸಿಕೊಳ್ಳದೆ ಬೆಲ್ಲ ಎಂದೇ ಕರೆದೆ.

ನನ್ನ ರೋಗಿಗಳ ಕಥೆ ಬೇರೆ. ‘ಮನೆಯಲ್ಲಿ ವ್ಯಾಯಾಮ ಮಾಡಿದಿರಾ?’ ಎಂದರೆ ಗೋಡೆಯ ಕ್ಯಾಲೆಂಡರು ನೋಡುತ್ತಾರೆ. ಬೆಲ್ಲ ಹಾಗಲ್ಲ. ಬೆಳಿಗ್ಗೆ ಏಳಕ್ಕೆ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಹಿಂಗಾಲನ್ನು ತಾನೇ ನನ್ನ ಕೈಗೆ ಚಾಚುತ್ತಿದ್ದಳು. ಮೂರು ತಿಂಗಳಲ್ಲಿ ಓಡಾಡುವಂತಾದಳು. ಸಣ್ಣ ಕುಂಟು ಮಾತ್ರ ಉಳಿಯಿತು.

ಅಷ್ಟರಲ್ಲಿ ವಿಜಯವಾಡದ ಶಾಖೆಗೆ ನನ್ನ ವರ್ಗವಾಯಿತು. ಅಲ್ಲಿ ಆಸ್ಪತ್ರೆ ಕೊಡುವ ಕೋಣೆಯಲ್ಲಿ ಸಾಕುಪ್ರಾಣಿ ಇಡುವಂತಿಲ್ಲ. ಕೈಯಲ್ಲಿದ್ದದ್ದು ಒಂದು ತಿಂಗಳು. ಅಷ್ಟರೊಳಗೆ ಯಾರೂ ಸಿಗದಿದ್ದರೆ ಬೆಲ್ಲ ಮತ್ತೆ ಅದೇ ಮಾರುಕಟ್ಟೆಗೆ, ಅದೇ ಲಾರಿಗಳ ನಡುವೆ ಹೋಗಬೇಕು. 

ಮೇಲಿನ ಮನೆಯ ಸವಿತಕ್ಕ, ಮಂಡ್ಯದವರು, ಗಂಡ ನೌಕಾಪಡೆಯಲ್ಲಿ. ಅವರೇ ವಿಶಾಖಪಟ್ಟಣದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಬೆಲ್ಲಳ ಫೋಟೋ ಹಾಕಿದರು. ವರ್ಗವಾದವರು ಫ್ರಿಜ್ಜು, ಮಂಚ ಮಾರುವ ಗುಂಪು ಅದು. ‘ಮೃದು ಸ್ವಭಾವ, ಒಳ್ಳೆಯ ಮನೆ ಬೇಕು’ ಎಂದು ಬರೆದರೆ ಬಂದ ಮೊದಲ ಪ್ರಶ್ನೆ, ‘ಎಷ್ಟು ವರ್ಷ ಬಳಸಿದ್ದೀರಿ?’ ಹಣೆ ಹಣೆ ಚಚ್ಚಿಕೊಂಡೆ.

ಆಮೇಲೆ ಶುರುವಾಯಿತು ನೋಡಿ, ಭಾನುವಾರದ ಮೆರವಣಿಗೆ. ನಮ್ಮ ಕಡೆ ಕನ್ಯಾ ನೋಡಲು ಬಂದವರಿಗೆ ಉಪ್ಪಿಟ್ಟು, ಶಿರಾ, ಚಹಾ ಕೊಡದೆ ಕಳಿಸುವುದಿಲ್ಲ. ನಾಯಿ ನೋಡಲು ಬಂದವರಿಗೂ ನಾನು ಅದನ್ನೇ ಮಾಡಿದೆ. ಬೆಳಿಗ್ಗೆ ಬೆಲ್ಲಳಿಗೆ ಸ್ನಾನ ಮಾಡಿಸಿ, ಮೈ ಒರೆಸಿ, ರವೆ ಹುರಿಯಲು ನಿಲ್ಲುತ್ತಿದ್ದೆ. ಬಂದವರು ಎರಡೆರಡು ಸಲ ಹಾಕಿಸಿಕೊಂಡು ತಿಂದು, ಬೆಲ್ಲಳನ್ನು ಆ ಕಡೆ ಈ ಕಡೆ ನಡೆಸಿ ನೋಡಿ, ‘ಮನೆಗೆ ಹೋಗಿ ತಿಳಿಸ್ತೀವಿ’ ಎನ್ನುತ್ತಿದ್ದರು. ಸುದ್ದಿ ಕೇಳಿ ಬಂದ ತೆಲುಗಿನವರಾದರೆ ಉಪ್ಮಾ ಕಂಡು ಮೊದಲು ಮುಖ ಸಿಂಡರಿಸಿ, ಆಮೇಲೆ ತಟ್ಟೆ ಖಾಲಿ ಮಾಡಿ, ‘ಚೆಪ್ತಾಮಂಡಿ’ ಎನ್ನುತ್ತಿದ್ದರು. ಅರ್ಥ ಅದೇ, ತಿಳಿಸ್ತೀವಿ. ಒಬ್ಬರಾದರೂ ತಿಳಿಸಿದ್ದರೆ ಕೇಳಿ!

ಐಟಿಯ ಒಬ್ಬ ಯುವಕ ‘ಬ್ರೀಡ್ ಯಾವ್ದು ಸರ್?’ ಎಂದ. ‘ಅನಕಾಪಲ್ಲಿ’ ಎಂದೆ. ಗೂಗಲ್ಲಿನಲ್ಲಿ ಹುಡುಕಲು ಕುಳಿತ. ಹೊಸ ಮನೆ ಕಟ್ಟಿಸಿದ ಒಬ್ಬ ಮಹಾಶಯರಿಗೆ ಕಾವಲು ನಾಯಿ ಬೇಕಿತ್ತು. ಬೊಗಳಿಸಲು ಚಪ್ಪಾಳೆ ತಟ್ಟಿದರು, ಕಾಲು ನೆಲಕ್ಕೆ ಬಡಿದರು, ಕೊನೆಗೆ ತಾವೇ ಬೊಗಳಿದರು. ಬೆಲ್ಲ ಹೋಗಿ ಅವರ ಚಪ್ಪಲಿ ಕಚ್ಚಿ ತಂದು ಮುಂದೆ ಇಟ್ಟಳು. ಹೊರಡಿ ಎಂದು ಹೇಳಿದಳೋ ಏನೋ, ‘ಇದು ಬೊಗಳುವ ನಾಯಿಯೇ ಅಲ್ಲ’ ಎಂದು ಅವರು ಹೊರಟೇ ಹೋದರು. ಆದರೆ ಅವರು ಹೇಳಿದ್ದೂ ಸುಳ್ಳಲ್ಲ. ನನ್ನ ಮನೆಯಲ್ಲಿದ್ದ ಅಷ್ಟೂ ದಿನ ಬೆಲ್ಲ ಒಮ್ಮೆಯೂ ಬೊಗಳಿರಲಿಲ್ಲ.

“ಅಲ್ಲ ಕಣಪ್ಪ, ಹಿಂಗೆ ಬಂದೋರ್‌ಗೆಲ್ಲ ತಿಂಡಿ ಹಾಕ್ತಾ ಕೂತ್ರೆ ನಾಯಿ ನೋಡಕ್ಕಲ್ಲ, ಉಪ್ಪಿಟ್ಟು ತಿನ್ನಕ್ಕೆ ಬತ್ತಾರೆ” ಎಂದರು ಸವಿತಕ್ಕ.

“ಮನೀಗೆ ಬಂದವ್ರನ್ನ ಹಂಗ ಕಳಸಾಕ ಬರ್ತೈತೇನ್ರಿ ಅಕ್ಕಾರ?”

“ನಿಂಗೆ ಕೊಡೋ ಮನ್ಸೈತೋ ಇಲ್ವೋ, ಮೊದ್ಲು ಅದ್ನ ಹೇಳು.”

ನಾನು ಬಾಣಲೆ ತಿಕ್ಕಲು ಹೋದೆ.

ಹೊರಡಲು ಹತ್ತು ದಿನವಿತ್ತು. ಅಂದು ಆಸ್ಪತ್ರೆಯಲ್ಲಿ ರಾಜ್ಯಲಕ್ಷ್ಮಿಯಮ್ಮ ಎಂಬವರ ಭುಜಕ್ಕೆ ವ್ಯಾಯಾಮ ಮಾಡಿಸುತ್ತ ನನ್ನ ಗೋಳನ್ನೆಲ್ಲ ಹೇಳಿಕೊಂಡೆ. ಆಕೆ ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಪ್ಲಾಸ್ಟಿಕ್ ಬಿಂದಿಗೆಗಳ ಸಗಟು ವ್ಯಾಪಾರಿ, ಗಂಡ ತೀರಿಕೊಂಡವರು. ಮಗಳ ಮನೆಗೆಂದು ವಿಶಾಖಪಟ್ಟಣಕ್ಕೆ ಬಂದಿದ್ದರು. ಸಂಜೆಯೇ ನಮ್ಮ ಮನೆಗೆ ಬಂದರು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಉಪ್ಮಾ ನನಗೆ ಆಗದು ಬಾಬು” ಎಂದು ನೇರವಾಗಿ ನೆಲದ ಮೇಲೆ ಬೆಲ್ಲಳ ಪಕ್ಕ ಕುಳಿತರು.

“ಅಮ್ಮಾ, ಇದು ಬೊಗಳುವುದಿಲ್ಲ” ಎಂದು ನಾನೇ ಹೇಳಿಬಿಟ್ಟೆ.

“ಅರಚೋದಕ್ಕೆ ನಮ್ಮ ಬಜಾರಿನಲ್ಲಿ ಮನುಷ್ಯರಿಲ್ಲವಾ?” ಎಂದು ನಕ್ಕರು. “ಮೊಸರನ್ನ ತಿನ್ನುತ್ತಾಳಾ, ಅದು ಹೇಳಿ.”

ಮೂರನೆಯ ದಿನ ಬೆಲ್ಲ ಅವರ ಅಳಿಯನ ಕಾರು ಹತ್ತಿದಳು. “ಆರು ತಿಂಗಳು ಬರಬೇಡಿ, ನಿಮ್ಮನ್ನು ಕಂಡರೆ ಹಿಂದೆ ಬಂದುಬಿಡುತ್ತಾಳೆ” ಎಂದು ರಾಜ್ಯಲಕ್ಷ್ಮಿಯಮ್ಮ ಕಟ್ಟಪ್ಪಣೆ ಮಾಡಿದರು. ನೀವೇ ಹೇಳಿ, ಅದೇ ಊರಿಗೆ ವರ್ಗವಾಗಿ ಬಂದು, ಅದೇ ಒನ್ ಟೌನಿನ ಮುಂದೆ ಬಸ್ಸಿನಲ್ಲಿ ಹಾದುಹೋಗುತ್ತ, ಇಳಿಯದೆ ಕೂರುವುದು ಎಂಥ ಶಿಕ್ಷೆ! ನಾನಿಲ್ಲದೆ ಕೊರಗುತ್ತಿರಬಹುದೆಂದು ದುಃಖ. ಕೊರಗದೆಯೂ ಇರಬಹುದೆಂದು ಇನ್ನೂ ಹೆಚ್ಚು ದುಃಖ.

ಹೋದ ಭಾನುವಾರ ಗಡುವು ಮುಗಿಯಿತು, ಒನ್ ಟೌನಿಗೆ ಹೋದೆ. ಅಮ್ಮನದು ಅಂಗಡಿಯ ಮೇಲೆಯೇ ಮನೆ. ಮೆಟ್ಟಿಲು ಅರ್ಧ ಹತ್ತಿರಲಿಲ್ಲ, ಒಳಗಿನಿಂದ ಒಂದು ನಾಯಿ ಬೊಗಳಿತು. ಮನೆ ಹಾರಿಹೋಗುವಂಥ ಬೊಗಳಿಕೆ. ಇನ್ನೊಂದು ನಾಯಿ ಸಾಕಿದ್ದಾರೆ ಎಂದುಕೊಂಡೆ. ಬಾಗಿಲಿಗೆ ಬಂದರೆ, ಹೊಸ್ತಿಲಲ್ಲಿ ಅಮ್ಮನಿಗೆ ಅಡ್ಡವಾಗಿ ಬೆನ್ನಿನ ಕೂದಲು ನಿಮಿರಿಸಿಕೊಂಡು ಬೆಲ್ಲ ನಿಂತಿದ್ದಾಳೆ! ಬೊಗಳುತ್ತಿರುವುದು ನನಗೆ!

“ಏ ಬೆಲ್ಲ, ನಾನವಾ, ನಾನು!” ಎಂದೆ. ಮುಂದೆ ಬಂದು ನನ್ನ ಕೈ ಮೂಸಿದಳು, ಮತ್ತೊಮ್ಮೆ ಮೂಸಿದಳು. ಆಮೇಲೆ ಅದೇ ಹೊಸ್ತಿಲಲ್ಲಿ ಮಗ್ಗುಲಾಗಿ ಮಲಗಿ, ಹಿಂಗಾಲನ್ನು ನನ್ನ ಕಡೆ ಚಾಚಿದಳು.

ಮೆಟ್ಟಿಲ ಮೇಲೆಯೇ ಕುಳಿತು ಆ ಕಾಲನ್ನು ಮಡಿಸಿ ಬಿಚ್ಚಿದೆ. ನನ್ನ ಮನೆಯಲ್ಲಿ ಯಾಕೆ ಬೊಗಳಲಿಲ್ಲವೆಂದು ಆಗ ತಿಳಿಯಿತು. ಅಲ್ಲಿ ನಾವಿಬ್ಬರೂ ಇಂದೋ ನಾಳೆಯೋ ಹೊರಡುವವರು. ಬೊಗಳಿ ಕಾಯಲು ತನ್ನದೆಂಬ ಬಾಗಿಲು ಅವಳಿಗೆ ಇರಲಿಲ್ಲ.

ಇವತ್ತು ಮತ್ತೆ ಭಾನುವಾರ. ಪಕ್ಕದ ಮನೆಯ ವಾಸನೆಗೆ ಬೈಯುತ್ತಲೇ ನಾನೂ ರವೆ ಹುರಿಯಲು ಇಟ್ಟಿದ್ದೇನೆ, ಉಳ್ಳಾಗಡ್ಡಿ ಹಾಕದೆ. ನಾಯಿಗೆ ಈರುಳ್ಳಿ ಆಗದು. ಅಮ್ಮ ಉಪ್ಮಾ ಮುಟ್ಟುವವರಲ್ಲ. ಬೆಲ್ಲ ತಿನ್ನುತ್ತಾಳೆ. ಮೊದಲು ನನ್ನ ಮೇಲೆ ಬೊಗಳಿ, ಆಮೇಲೆ.