ಬ್ರೇಕ್ ಮೇಲೆ ಅಮ್ಮನ ಕಾಲು

"ಅಮ್ಮಾ, ಒತ್ತು!" ಎಂದು ಕಾರಿನ ಚಕ್ರದ ಬಳಿ ಮಲಗಿದ್ದಲ್ಲಿಂದಲೇ ಮತ್ತೆ ಕೂಗಿದೆ. ಪೆಡಲ್ ಒತ್ತಿದ ಸುಳಿವೇ ಇಲ್ಲ.

ನೋಯ್ಡಾಕ್ಕೆ ಇನ್ನೂ ಮೆಟ್ರೋ ಬಾರದಿದ್ದ ಕಾಲ. ಆ ಚಳಿಗಾಲದ ಬೆಳಗ್ಗೆ ಎದುರಿನ ಕಟ್ಟಡವೂ ಕಾಣದಷ್ಟು ಮಂಜು. ಅಪ್ಪನ ಹಳೆಯ ಕಾರಿನ ಬ್ರೇಕನ್ನು ನಾನೇ ಸರಿಮಾಡುತ್ತಿದ್ದೆ. ಬ್ರೇಕ್ ಎಣ್ಣೆಯ ಕೊಳವೆಯೊಳಗೆ ಸೇರಿದ ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ನಟ್ಟು ಸಡಿಲಿಸಬೇಕು. ಅಪ್ಪ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ ಅಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದ್ದೆ. ಅವಳು ಅಲ್ಲಿ ಕೂತದ್ದು ಅದೇ ಮೊದಲು.

ಗಾಬರಿಯಿಂದ ಎದ್ದು ನೋಡಿದೆ. ಅಮ್ಮ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಗಾಜಿನಾಚೆಯ ಬಿಳುಪನ್ನು ನೋಡುತ್ತ ನಗುತ್ತಿದ್ದಳು.

"ಏನಾಯ್ತಮ್ಮ?"

"ತಾಳೋ, ಈಗಲೇ ಬ್ರೇಕ್ ಹಾಕಿಸಬೇಡ. ನಿಮ್ಮಪ್ಪ ಪಕ್ಕದಲ್ಲೇ ಕೂತಿದಾರೆ. ಇನ್ನೊಂಚೂರು ದೂರ ಹೋಗಿಬರ್ತೀವಿ."

ಸ್ಪ್ಯಾನರ್ ಕೆಳಗಿಟ್ಟು, ಕಾರಿಗೆ ಒರಗಿ ನಾನೂ ಮಂಜನ್ನೇ ನೋಡುತ್ತ ಕೂತೆ.

ಬ್ರೇಕ್ ಸರಿಹೋಗುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಂದಿನಿಂದ ಅಮ್ಮ ಮತ್ತೆ ಮಾತಾಡತೊಡಗಿದಳು. ಅವತ್ತು ಇಬ್ಬರೂ ಎಲ್ಲಿಯವರೆಗೆ ಹೋಗಿದ್ದಿರಿ ಎಂದು ಮಾತ್ರ ನಾನು ಇಂದಿಗೂ ಕೇಳಿಲ್ಲ.